ವಿಭೂತಿ ಹಚ್ಚಿಕೊಂಡ ಟ್ಯಾಂಕು

ಕಿರ್‌ರ್‌ರ್... ಕಟಕಟಕಟ... ಟಕ್. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಫರಶಿ ಕಲ್ಲಿನ ಮೇಲೆ ತಗಡಿನ ಟ್ಯಾಂಕು ಓಡುತ್ತಿದ್ದ ಸದ್ದು ಅದು. ಎರಡು ಫರಶಿ ಕೂಡುವ ಸಂದಿ ಬಂದಾಗಲೆಲ್ಲ 'ಟಕ್' ಎನ್ನುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಟ್ಯಾಂಕು ಎಲ್ಲಿದೆ ಎಂದು ನಾನು ಹೇಳುತ್ತಿದ್ದೆ. ಮೂರನೆಯ ಟಕ್ ಎಂದರೆ ದೇವರಮನೆಯ ಬಾಗಿಲು. ಐದನೆಯದಕ್ಕೆ ಆಯಿಯ ಬೈಗುಳ.

"ಏ, ಆ ಗಿರಣಿ ಬಂದ್ ಮಾಡವಾ! ಜಪ ಎಲ್ಲಿಗೆ ಬಂದಿತ್ತೋ ಏನೋ, ಮರತಹೋತು."

ಆಯಿ ಎಂದರೆ ಅಪ್ಪನ ತಾಯಿ. ನಮ್ಮ ಮನೆಯ ಹೈಕೋರ್ಟು, ಸುಪ್ರೀಮ್ ಕೋರ್ಟು ಎರಡೂ ಅವಳೇ.

ಮೊದಲ ಟ್ಯಾಂಕು ನನ್ನ ಪಾಲಿಗೆ ಬಂದದ್ದು ಅಪ್ಪನ ಗಡಿಬಿಡಿಯಿಂದ. ಅವರದು ಹುಬ್ಬಳ್ಳಿಯಲ್ಲಿ ಅರಳೆ ವ್ಯಾಪಾರ. ಮುಂಬೈಗೆ ಹೋದಾಗಲೆಲ್ಲ ಕಣ್ಣು ಮುಚ್ಚಿ ತೆರೆಯುವ ಗೊಂಬೆ ತರುತ್ತೇನೆಂದು ಹೇಳಿ ಹೋಗುತ್ತಿದ್ದರು, ಮರೆತು ಬರುತ್ತಿದ್ದರು. ಒಂದು ಸಲ ರೈಲು ಹತ್ತುವ ಅವಸರದಲ್ಲಿ ಕೈಗೆ ಸಿಕ್ಕ ಡಬ್ಬಿ ತಂದು ನನ್ನ ಮುಂದಿಟ್ಟರು. "ಗೊಂಬಿ ಮುಗದಿದ್ದವು, ಇದೊಂದ ಇತ್ತು. ಇದೂ ಕಣ್ಣ ತಗೀತೈತಿ ನೋಡು" ಎಂದು ಅದರ ಮುಂದಿನ ಎರಡು ಪುಟ್ಟ ದೀಪ ತೋರಿಸಿದರು.

ಜಪಾನಿನ ಮಾಲು. ಡಬ್ಬಿಯ ಮೇಲೆ ದೊಡ್ಡದಾಗಿ 'ರಿಮೋಟ್ ಕಂಟ್ರೋಲ್' ಎಂದು ಬರೆದಿತ್ತು. ಈಗಿನವರು ನಗಬಾರದು, ಆಗ ರಿಮೋಟು ಎಂದರೆ ಟ್ಯಾಂಕಿನ ಹಿಂಭಾಗದಿಂದ ಹೊರಟ ಎರಡು ಮೊಳದ ವಾಯರು, ಅದರ ತುದಿಗೆ ಬ್ಯಾಟರಿ ಸೆಲ್ಲು ಹಾಕುವ ತಗಡಿನ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಎರಡು ಲಿವರು. ಎಡದ ಲಿವರು ಒತ್ತಿದರೆ ಎಡಗಡೆಯ ಗಾಲಿಗಳಿಗೆ ಸುತ್ತಿದ ಪಟ್ಟಾ ತಿರುಗುತ್ತಿತ್ತು, ಬಲದ್ದಕ್ಕೆ ಬಲಗಡೆಯದು. ಎರಡೂ ಒತ್ತಿದರೆ ನೇರ ಓಟ. ಗೊಂಬೆಯ ಆಸೆ ಅವತ್ತೇ ಸತ್ತಿತು. ನಾನು ಹೇಳಿದ ಕಡೆ ಹೋಗುವ ವಸ್ತು ಆ ಮನೆಯಲ್ಲಿ ಅದೊಂದೇ ಇತ್ತು.

ಮರುವರ್ಷ ಯುದ್ಧ ಬಂತು. ರೇಡಿಯೋದಲ್ಲಿ ದಿನವೂ ಟ್ಯಾಂಕುಗಳ ಮಾತು, ಪೇಪರಿನಲ್ಲಿ ಅವುಗಳ ಫೋಟೋ. ನಾನು ಫೋಟೋ ಕತ್ತರಿಸಿ ಜಾಗ್ರಫಿ ನೋಟ್‌ಬುಕ್ಕಿನಲ್ಲಿ ಅಂಟಿಸತೊಡಗಿದೆ. ನನ್ನ ಟ್ಯಾಂಕಿಗೂ ಫೋಟೋದ ಟ್ಯಾಂಕಿಗೂ ಅಜಗಜಾಂತರ ಕಂಡಿತು. ನನ್ನದರ ತೋಪು ಮೋಟು, ಬಣ್ಣ ಪೆಪ್ಪರ್‌ಮಿಂಟಿನ ಹಸಿರು. ಕೈ ಹಚ್ಚಿದೆ. ಮುರಿದ ಛತ್ರಿಯ ಕಡ್ಡಿ ಉದ್ದನೆಯ ತೋಪಾಯಿತು. ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಅಂಚಿಗೆ ಹಲ್ಲು ಬಿಡಿಸಿ ಪಟ್ಟಾ ಮಾಡಿದೆ. ಕಿಟಕಿಗೆ ಹಚ್ಚುವ ಹಸಿರು ಬಣ್ಣಕ್ಕೆ ಕರಿ ಬಣ್ಣ ಕಲಸಿ, ಮಿಲಿಟರಿ ಲಾರಿಯ ಬಣ್ಣ ಬರುವವರೆಗೆ ಹನ್ನೊಂದು ತಗಡಿನ ಚೂರು ಕೆಡಿಸಿದೆ. ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಪಟ್ಟಾ ಇಲ್ಲದ ಎರಡನೆಯ ಟ್ಯಾಂಕು ಸಿಕ್ಕಿತು. ಮೂರನೆಯದು ಕ್ಲಾಸಿನ ಗೆಳತಿಯದು, ನನ್ನ ರೇಶ್ಮೆ ರಿಬ್ಬನ್ನುಗಳಿಗೆ ಬದಲಾಗಿ ಬಂತು. ನಾಲ್ಕನೆಯದರ ಮೇಲಿನ ತಿರುಗುವ ಬುರುಜನ್ನು ಪೌಡರ್ ಡಬ್ಬಿಯಿಂದ ನಾನೇ ಮಾಡಿದೆ. ಹೆಮ್ಮೆಯಿಂದಲೇ ಹೇಳುತ್ತೇನೆ, ಆ ಕಾಲಕ್ಕೆ ಧಾರವಾಡದಲ್ಲಿ ಅಂಥ ಫ್ಲೀಟು ಇನ್ನೊಬ್ಬರ ಹತ್ತಿರ ಇರಲಿಲ್ಲ.

ಬೆಸುಗೆ ಹಾಕುವುದನ್ನು ಕಲಿಸಿದವರು ನಮ್ಮ ಕಾನ್ವೆಂಟಿನ ಸೈನ್ಸ್ ಸಿಸ್ಟರು. ಯುದ್ಧದ ಸಾಮಾನು ಎಂದು ಮೂಗು ಮುರಿಯುತ್ತಿದ್ದರು, ಆದರೆ ವಾಯರಿನ ಕೆಲಸ ಕಂಡರೆ ಅವರ ಕಣ್ಣು ಅರಳುತ್ತಿತ್ತು. "ಕಾಂಟ್ಯಾಕ್ಟ್ ಶುಡ್ ಬಿ ಕ್ಲೀನ್, ಚೈಲ್ಡ್. ಮಷೀನ್ ಕೆಟ್ಟರೆ ಅಳಬಾರದು, ಮೊದಲು ಕಾಂಟ್ಯಾಕ್ಟ್ ನೋಡಬೇಕು" ಎನ್ನುತ್ತಿದ್ದರು. ಬದುಕಿನಲ್ಲಿ ನನಗೆ ಸಿಕ್ಕ ಉಪದೇಶಗಳಲ್ಲಿ ಇದರಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ನನಗೆ ಹದಿನಾಲ್ಕು ತುಂಬಿದ ವರ್ಷ, ದಸರೆಗೆ ಹದಿನೈದು ದಿನ ಇರುವಾಗ, ಆಯಿ ತೀರ್ಪು ಕೊಟ್ಟಳು.

"ದೊಡ್ಡಾಕಿ ಆಗೀದಿ. ನೆಲದ ಮ್ಯಾಲ ಬಕ್ಕಬಾರಲ ಬಿದ್ದು ಆಡೂದು ಸಾಕಿನ್ನ. ದಸರೀಗೆ ಗದಗಿನಿಂದ ನಿಮ್ಮತ್ತಿ ಬರ್ತಾಳ. ನಾಕೂ ಆಕಿ ಹುಡುಗರಿಗೆ ಕೊಟ್ಟಬಿಡು."

ಆ ಹುಡುಗರ ಕೈಗೆ ಹೋದ ವಸ್ತು ಸಂಜೆಯವರೆಗೆ ಬಾಳುತ್ತಿರಲಿಲ್ಲ.

"ಆಯಿ, ಇದು ಆಟಗಿ ಅಲ್ಲ" ಎಂದೆ.

"ಮತ್ತೇನು?"

"ಆಯುಧ. ಖರೇ ಟ್ಯಾಂಕಿನ ನಕಲಿ ಮಾದರಿ. ಖರೇದ ಹೆಂಗೈತೋ ಹಂಗ ಮಾಡೇನಿ."

"ಯಾರ ಹೇಳಿದ್ರು ಹಂಗ ಐತೀ ಅಂತ? ಪೇಪರಿನ ಚಿತ್ರ ನೋಡಿ ಹೋಳಿಗಿ ಮಾಡಾಕ ಬರತೈತೇನು? ಖರೇ ಟ್ಯಾಂಕ್ ಹೊಡದಾಂವ ಬಂದು ಹೇಳಲಿ, ಆವಾಗ ನೋಡೂಣು."

ಆಯಿ ಇದನ್ನು ನನ್ನ ಬಾಯಿ ಮುಚ್ಚಿಸಲು ಹೇಳಿದ್ದಳು. ಆದರೆ ಅಂಥವನೊಬ್ಬನಿದ್ದ. ಹತ್ತಿರದ ಹಳ್ಳಿ ಅಮ್ಮಿನಬಾವಿಯಿಂದ ನಮ್ಮ ಮನೆಗೆ ಬೆಣ್ಣೆ ತರುತ್ತಿದ್ದ ಮುದುಕಿಯ ಮಗ ಮಿಲಿಟರಿಯಲ್ಲಿ ಟ್ಯಾಂಕಿನ ಡ್ರೈವರು. ಪಂಜಾಬಿನಲ್ಲಿ ಯುದ್ಧ ಮಾಡಿ ಬಂದವನು. ದಸರೆಗೆ ರಜೆಯ ಮೇಲೆ ಬರುವುದಿತ್ತು. "ನವಮಿ ದಿನ ಕರಕೊಂಡು ಬರ್ರಿ, ಮರೀಬ್ಯಾಡ್ರಿ" ಎಂದು ಆ ಮುದುಕಿಗೆ ನಾನು ಮೂರು ಸಲ ಹೇಳಿದೆ.

ನಾಲ್ಕರಲ್ಲಿ ಶ್ರೇಷ್ಠವಾದದ್ದನ್ನು ಅವನಿಗೆ ತೋರಿಸಲೆಂದು ತಯಾರು ಮಾಡಿದೆ. ಯುದ್ಧದಿಂದ ಬಂದದ್ದು ಹೊಳೆಯಬಾರದಲ್ಲ, ಅದಕ್ಕೆ ಅಮ್ಮಿನಬಾವಿಯ ಎರಿಮಣ್ಣನ್ನೇ ತರಿಸಿ, ಗೋಂದಿನಲ್ಲಿ ಕಲಸಿ, ಪಟ್ಟಾದ ಮೇಲೆ, ಹೊಟ್ಟೆಯ ಕೆಳಗೆ ಸಿಡಿದಂತೆ ಹಚ್ಚಿದೆ. ಕರಿಕರಿ ಕೆಸರು. ನೋಡಿದವರು ನಿಬ್ಬೆರಗಾಗಬೇಕು, ಹಾಗಿತ್ತು.

ಖಂಡೇನವಮಿಯ ಮುಂಜಾನೆ ಸ್ನಾನ ಮುಗಿಸಿ ಬಂದು ನೋಡಿದರೆ ಶೆಲ್ಫಿನ ಮೇಲೆ ಟ್ಯಾಂಕಿಲ್ಲ. ದೇವರಮನೆಯಲ್ಲಿತ್ತು. ಅಪ್ಪನ ತಕ್ಕಡಿ, ಅವ್ವನ ಈಳಿಗೆ, ಕುಡಗೋಲು, ಕತ್ತರಿ, ಇವುಗಳ ನಡುವೆ ಮಣೆಯ ಮೇಲೆ ಕುಳಿತಿತ್ತು. ಮೈಮೇಲೆ ಮೂರು ಬೆರಳಿನ ವಿಭೂತಿ, ತೋಪಿಗೆ ಚೆಂಡುಹೂವು. ಪಕ್ಕದಲ್ಲಿ ರಿಮೋಟಿನ ಪೆಟ್ಟಿಗೆ. ಅದಕ್ಕೂ ಆಯಿ ಒದ್ದೆ ವಿಭೂತಿ ಎಳೆದಿದ್ದಳು.

"ಆಯೀ! ಇದನ್ಯಾಕ ಇಟ್ಟೀ?"

"ನೀನ ಹೇಳಿದೆಲ್ಲ, ಆಯುಧ ಅಂತ. ಖಂಡೇಪೂಜಿ ದಿನ ಆಯುಧ ಎಲ್ಲಿ ಇಡತಾರು?"

ಅವಳು ಚೇಷ್ಟೆ ಮಾಡುತ್ತಿರಲಿಲ್ಲ, ನನ್ನ ಮಾತನ್ನು ನಂಬಿದ್ದಳು. ಇಲ್ಲವೇ ಪರೀಕ್ಷಿಸುತ್ತಿದ್ದಳು. ಇವತ್ತಿಗೂ ನನಗೆ ಗೊತ್ತಿಲ್ಲ. ಖಂಡೇಪೂಜೆಗೆ ಇಟ್ಟದ್ದನ್ನು ಮರುದಿನ ದಶಮಿಗೆ ಪೂಜೆ ಕದಲಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ಅವತ್ತು ಅವ್ವ ಕೂಡ ಬದನೆಕಾಯಿ ಹೆಚ್ಚದೆ ಇಡಿಯಾಗಿ ಸುಟ್ಟು ಭರ್ತ ಮಾಡಿದ್ದಳು.

ಮಧ್ಯಾಹ್ನ ಬೆಣ್ಣೆಯ ಮುದುಕಿಯ ಮಗ ಬಂದ. ಇಪ್ಪತ್ತಾರು ಇಪ್ಪತ್ತೇಳರ ಆಳು, ಬಿಸಿಲಿಗೆ ಸುಟ್ಟ ಮುಖ, ಎಡಗಿವಿ ಸ್ವಲ್ಪ ಮಂದ. ದೇವರಮನೆಯ ಬಾಗಿಲಲ್ಲಿ ನಿಂತು ಇಣುಕಿದ.

"ಎಲ್ಲೈತ್ರಿ ತಂಗೀ ನಿಮ್ಮ ಟ್ಯಾಂಕು?"

"ಅದ ನೋಡ್ರಿ, ಈಳಿಗಿ ಮಗ್ಗಲಾಗ."

ಅವನು ನಗಲಿಲ್ಲ. ಕೈ ಮುಗಿದ. "ನಮ್ಮ ಮಿಲಿಟರಿಯಾಗೂ ಹಿಂಗ ಪೂಜಿ ಮಾಡ್ತಾರ್ರಿ. ಖರೇ ಟ್ಯಾಂಕಿಗೆ" ಎಂದ. ಆಯಿ ನನ್ನ ಕಡೆ ನೋಡಿದಳು, ಕೇಳಿದೆಯಾ ಎನ್ನುವಂತೆ.

"ಓಡಿಸಿ ತೋರಸಬೇಕಂದ್ರ ನಾಳಿನ ಆಗತೈತ್ರಿ. ನೀವು ನಾಳೆ..."

"ನಾಳೆ ಮಧ್ಯಾಹ್ನದ ಗಾಡಿಗೆ ನಾ ಹೋಗಾಂವ" ಎಂದ. ನನ್ನ ಮುಖ ನೋಡಿ ಏನನ್ನಿಸಿತೋ, "ಮುಂಜಾನೆ ಬನ್ನಿ ಕೊಡಾಕ ಬರತೇನಿ ತಗೋರಿ. ಟೇಶನ್ನಿಗೆ ಹೋಗೂ ದಾರಿನ ಐತಿ" ಎಂದು ಸೇರಿಸಿದ.

ದಶಮಿಯ ಮುಂಜಾನೆ ಅವನು ಖಾಕಿ ಹಾಕಿಕೊಂಡು, ಟ್ರಂಕು ಕಟ್ಟೆಯ ಮೇಲಿಟ್ಟು ಒಳಗೆ ಬಂದ. ಆಯಿಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬಿದ್ದ. ಬಂಗಾರದ ಹಾಗೆ ಇರೋಣ ಎಂದರು ಇಬ್ಬರೂ. ಆಯಿ ಪೂಜೆ ಕದಲಿಸಿದಳು. ನಾನು ಟ್ಯಾಂಕು ಎತ್ತಿ ಪಡಸಾಲೆಗೆ ತಂದು ಎರಡೂ ಲಿವರು ಒತ್ತಿದೆ.

ಟ್ಯಾಂಕು ಗಿರಕಿ ಹೊಡೆಯಿತು. ಎಡದ ಪಟ್ಟಾ ತಿರುಗುತ್ತಿತ್ತು, ಬಲದ್ದು ಸತ್ತುಹೋಗಿತ್ತು. ನಿಂತಲ್ಲೇ ಸುತ್ತು, ಮತ್ತೆ ಸುತ್ತು, ಎಣ್ಣೆಗಾಣದ ಎತ್ತಿನಂತೆ.

"ಪ್ರದಕ್ಷಿಣಿ ಹಾಕಾಕತ್ತೈತಿ" ಎಂದಳು ಆಯಿ. "ನಿನ್ನಿ ಪೂಜಿ ಮುಟ್ಟೈತಿ ಅದಕ್ಕ."

ಅವನು ತುಟಿ ಕಚ್ಚಿಕೊಂಡು ನಗು ತಡೆದ. ಬಾಗಿಲಾಚೆ ಕಟ್ಟೆಯ ಮೇಲೆ ಅವನ ಟ್ರಂಕು ಕಾಣುತ್ತಿತ್ತು. ಸಂಜೆಯ ಹೊತ್ತಿಗೆ ಅತ್ತೆ ಬರುತ್ತಾಳೆ. ಸಿಸ್ಟರ ಮಾತು ನೆನಪಾಯಿತು. ಅಳಬಾರದು, ಮೊದಲು ಕಾಂಟ್ಯಾಕ್ಟ್ ನೋಡಬೇಕು. ಚಿಮಟದ ತುದಿಯಿಂದ ರಿಮೋಟಿನ ಪೆಟ್ಟಿಗೆಯ ಹಿಂದಿನ ತಗಡು ಎಬ್ಬಿಸಿದೆ. ಇತ್ತು. ವಿಭೂತಿಯ ನೀರು ಬಲದ ಲಿವರಿನ ಸಂದಿಯಿಂದ ಇಳಿದು, ಹಿತ್ತಾಳೆಯ ಪಟ್ಟಿಯ ಮೇಲೆ ಒಣಗಿ, ಬೂದಿಯ ಪದರವಾಗಿ ಕುಳಿತಿತ್ತು. ಬಟ್ಟೆಯಿಂದ ಒರೆಸಿದೆ. ಬೂದಿ ಹೋಯಿತು, ಕೆಳಗೆ ಹಸಿರು ಕಿಲುಬು ಕಂಡಿತು.

"ಆಯಿ, ಹುಣಸಿಹಣ್ಣು ಕೊಡು."

"ಯಾಕವಾ?"

"ನಿನ್ನ ಆರತಿ ತಟ್ಟಿ ನೀ ಎದರಿಂದ ತಿಕ್ಕತೀ? ಇದೂ ಹಿತ್ತಾಳಿನ."

ಆಯಿ ಒಳಗೆ ಹೋಗಿ ಲಿಂಬೆಕಾಯಿಯಷ್ಟು ಹುಣಸೆಹಣ್ಣು ತಂದು ಕೊಟ್ಟಳು. ಬೆಂಕಿಕಡ್ಡಿಯ ತುದಿಗೆ ಅದನ್ನು ಹಚ್ಚಿ ಪಟ್ಟಿ ತಿಕ್ಕಿದೆ. ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಹಿತ್ತಾಳೆ ಫಳಫಳ ಹೊಳೆಯಿತು. ತಗಡು ಮುಚ್ಚಿ ಎರಡೂ ಲಿವರು ಒತ್ತಿದೆ.

ಕಿರ್‌ರ್‌ರ್... ಕಟಕಟಕಟ... ಟಕ್.

ನೇರ ಓಡಿತು. ಹೊಸ್ತಿಲು ಹತ್ತಿಸಲು ಹೋದೆ. "ಹೊಸ್ತಲಾ ತುಳೀಸಬ್ಯಾಡ!" ಎಂದು ಆಯಿ ಚೀರಿದಳು. ಅವನು ತಾನೇ ಎದ್ದು ಲಟ್ಟಣಿಗೆ ತಂದು, ಅದರ ಮೇಲೆ ಮಣೆ ಆನಿಸಿ ಏರು ಮಾಡಿಕೊಟ್ಟ. ಟ್ಯಾಂಕು ಮಣೆ ಏರಿತು, ತುದಿಯಲ್ಲಿ ಒಂದು ಕ್ಷಣ ತೂಗಿತು, ಮೂಗು ಇಳಿಸಿ ಆಚೆ ಇಳಿಯಿತು. ಅವನು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆಮೇಲೆ ಕೈ ಚಾಚಿ ರಿಮೋಟು ಕೇಳಿದ. ನಾಲ್ಕು ಬೆರಳಿನಷ್ಟು ಪೆಟ್ಟಿಗೆಯನ್ನು ಅವನು ಹಿಡಿದ ರೀತಿಯೇ ಬೇರೆ, ಎರಡೂ ಮೊಣಕೈ ಮೈಗೆ ಒತ್ತಿಕೊಂಡು, ಮುಂದೆ ಬಾಗಿ. ಖರೇ ಟ್ಯಾಂಕನ್ನೂ ಎರಡು ಲಿವರಿನಿಂದಲೇ ತಿರುಗಿಸುತ್ತಾರಂತೆ.

"ಹೆಂಗೈತಪಾ?" ಆಯಿ ಕೇಳಿದಳು. "ಖರೇ ಹೇಳು. ಹುಡುಗಿ ಮಾರಿ ನೋಡಿ ಹೇಳಬ್ಯಾಡ."

ಅವನು ಟ್ಯಾಂಕನ್ನು ಎತ್ತಿ ತಿರುಗಿಸಿ ಮುರುಗಿಸಿ ನೋಡಿದ. ಬಹಳ ಹೊತ್ತು ನೋಡಿದ.

"ಒಂದು ತಪ್ಪೈತ್ರಿ" ಎಂದ. "ಮಣ್ಣು. ಪಂಜಾಬದಾಗ ಎರಿಮಣ್ಣ ಎಲ್ಲಿಂದ ಬರಬೇಕ್ರಿ? ಅಲ್ಲೀ ಮಣ್ಣು ಗೋದಿಹಿಟ್ಟಿನ ಗತೆ ಇರತೈತಿ, ಬೂದಿಬಣ್ಣದ್ದು. ಈ ಟ್ಯಾಂಕು ಅಮ್ಮಿನಬಾವಿ ಹೊಲದಾಗ ಯುದ್ಧ ಮಾಡೇತಿ."

"ಅಷ್ಟನ?" ಎಂದಳು ಆಯಿ.

"ಅಷ್ಟನ. ಉಳದದ್ದು ಕೆಲಸ್ರೀ ಆಯಿ, ಆಟಗಿ ಅಲ್ಲ. ಟ್ಯಾಂಕ್ ನಿಂತಾಗ ಈ ತಂಗಿ ಹಂಗ ಪೆಟಗಿ ತಗದು ಕುಂದರೋ ಮನಷ್ಯಾ ನಮ್ಮ ಕೂಡ ಒಬ್ಬಾಂವ ಇದ್ದಾ. ಅಂವಾ ಇದ್ದನಂತ ನಾ ಇಲ್ಲಿ ಕುಂತೇನಿ."

ಆಯಿ ಸರಿದಿದ್ದ ಮಣೆಯನ್ನು ಮತ್ತೆ ಲಟ್ಟಣಿಗೆಗೆ ಆನಿಸಿ, "ಅದನ್ನ ಇನ್ನೊಂದ್ಸಲ ಮಣಿ ಹತ್ತಸು ನೋಡೂಣು" ಎಂದಳು. ಗದಗಿನ ಹುಡುಗರಿಗೆ ಸಂಜೆ ಸಿಕ್ಕದ್ದು ಕರ್ಚೀಕಾಯಿ. ನಾಲ್ಕೂ ಟ್ಯಾಂಕು ನನ್ನ ಶೆಲ್ಫಿನ ಮೇಲೇ ಉಳಿದವು. ಈಗ ವಾಯರಿಲ್ಲದ ನಮೂನೆಗಳೂ ಅವುಗಳ ಪಕ್ಕಕ್ಕೆ ಬಂದಿವೆ, ಎಲ್ಲವನ್ನೂ ನಾನೇ ಬಿಚ್ಚಿ ಮತ್ತೆ ಜೋಡಿಸಿದ್ದೇನೆ.

ಚಳಿಗಾಲದಲ್ಲಿ ಬೆಣ್ಣೆಯ ಮುದುಕಿ ಒಂದು ಸಣ್ಣ ಗಂಟು ತಂದುಕೊಟ್ಟಳು. ಅವಳಿಗೆ ಮಗ ಪಾರ್ಸೆಲ್ಲಿನಲ್ಲಿ ಕಳಿಸಿದ ಶಾಲಿನ ಮೂಲೆಯಲ್ಲಿ ಕಟ್ಟಿತ್ತಂತೆ. ಬಿಚ್ಚಿದರೆ ಒಂದು ಹಿಡಿ ಮಣ್ಣು, ಗೋಧಿಹಿಟ್ಟಿನಷ್ಟು ನುಣುಪು. ನಾನು ಎರಿಮಣ್ಣು ತೊಳೆದು, ಅದನ್ನು ಗೋಂದಿನಲ್ಲಿ ಕಲಸಿ ಹಚ್ಚಿದೆ.

ಅದನ್ನು ಅವನಿಗೆ ತೋರಿಸಲು ಸಾಧ್ಯವಾದದ್ದು ಎರಡು ವರ್ಷದ ಮೇಲೆ. ಆಗ ನಾನು ಕಾಲೇಜು. ಕಿವಿಯ ಕಾರಣಕ್ಕೆ ಅವನನ್ನು ಮಿಲಿಟರಿಯಿಂದ ಬಿಟ್ಟಿದ್ದರು. ಅಪ್ಪ ಅರಳೆ ನೋಡಲು ಅಮ್ಮಿನಬಾವಿಗೆ ಹೊರಟಾಗ ನಾನೂ ಜೀಪು ಹತ್ತಿದೆ, ಚೀಲದಲ್ಲಿ ಟ್ಯಾಂಕು ಇಟ್ಟುಕೊಂಡು. ಊರ ಹೊರಗೆ ಅವನು ಯಾರದೋ ಕೆಂಪು ಟ್ರ್ಯಾಕ್ಟರಿನಲ್ಲಿ ರಂಟೆ ಹೊಡೆದು ಹೊಲ ಉಳುತ್ತಿದ್ದ. ನನ್ನನ್ನು ಕಂಡು ಇಳಿದು ಬಂದ. ಟ್ಯಾಂಕನ್ನು ಬಿಸಿಲಿಗೆ ಹಿಡಿದು ನೋಡಿದ.

"ಈಗ ಖರೇ ಆತು ನೋಡ್ರಿ" ಎಂದ. ಹೋಗುವ ಮೊದಲು ಏನೋ ನೆನಪಾದವನಂತೆ ತಿರುಗಿ ಬಂದ. ಟ್ರ್ಯಾಕ್ಟರಿನ ಗಾಲಿಗೆ ಮೆತ್ತಿದ್ದ ಕರಿಮಣ್ಣನ್ನು ಹೆಬ್ಬೆರಳಲ್ಲಿ ಚೂರು ತೆಗೆದು, ಟ್ಯಾಂಕಿನ ಮುಂಭಾಗದಲ್ಲಿ, ಡ್ರೈವರು ಕೂರುವ ಜಾಗದ ಮುಚ್ಚಳದ ಮೇಲೆ, ಕುಂಕುಮದಷ್ಟು ಹಚ್ಚಿದ.

"ಡ್ರೈವರ ಈ ಊರಾಂವ. ಇಷ್ಟ ಇರಲಿ."

ಅಪ್ಪ ಹಾರ್ನ್ ಹೊಡೆದರು. ನಾನು ಜೀಪಿನಲ್ಲಿ ಕುಳಿತು ಹಿಂದೆ ನೋಡಿದೆ. ಅವನು ಹೊಲದ ತುದಿ ಮುಟ್ಟಿ, ಮೊಣಕೈ ಮೈಗೆ ಒತ್ತಿಕೊಂಡು, ಮುಂದೆ ಬಾಗಿ, ಟ್ರ್ಯಾಕ್ಟರನ್ನು ಎಡಕ್ಕೆ ತಿರುಗಿಸುತ್ತಿದ್ದ. ಅವನನ್ನು ನಾನು ಕಂಡದ್ದು ಅದೇ ಕೊನೆಯ ಸಲ.