ತೊಟ್ಟಿಮನೆಯ ಹಿಂಬಾಗಿಲು ತೆಗೆದವಳು

ಪದ್ಮಶ್ರೀಯ ತವರು ಹುಣಸೂರು ಸೀಮೆಯ ಕಟ್ಟೆಮಳಲವಾಡಿ. ಹತ್ತನೇ ಕ್ಲಾಸು ಮುಗಿದ ಮೇಲೆ ದಿನಾ ಬಸ್ಸು ಹತ್ತಿ ಹುಣಸೂರಿಗೆ ಹೋಗಿ ಟೈಲರಿಂಗ್ ಕಲಿತಳು. ಮದುವೆಯಾಗಿ ಮಿರ್ಲೆಗೆ ಬಂದಾಗ ತವರಿನಿಂದ ಬಂದದ್ದು ಎರಡು ಸೀರೆ, ಒಂದು ಹೊಲಿಗೆ ಮೆಷಿನ್ನು. ಗಂಡ ಶಶಿಕುಮಾರ್ ಕೆ.ಆರ್. ನಗರದ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ, ಮಾತು ಕಡಿಮೆಯ ಮನುಷ್ಯ. ಬೀದಿಗೆ ತೆರೆದ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು ಹದಿನೆಂಟು ವರ್ಷ ಊರ ಹೆಂಗಸರ ರವಿಕೆ ಹೊಲಿದಳು. ಅವಳ ಕೈಗೆ ಒಳ್ಳೆಯ ಹೆಸರಿತ್ತು. ಆದರೆ ಆ ಹೆಸರು ಪಕ್ಕದ ಸಾಲಿಗ್ರಾಮ ದಾಟಿರಲಿಲ್ಲ. ದಾಟಿದ್ದು ಎದುರುಮನೆಯಿಂದ.

ಎದುರಿಗಿದ್ದದ್ದು ಮಹದೇವಪ್ಪನವರ ತೊಟ್ಟಿಮನೆ. ನಡುವೆ ತೊಟ್ಟಿ, ಸುತ್ತ ಎಂಟು ಕಂಬದ ಪಡಸಾಲೆ, ಮೇಲೆ ನಾಡಹೆಂಚು. ಮಹದೇವಪ್ಪ ಮತ್ತು ಅವರ ಹೆಂಡತಿ ರಾಚಮ್ಮ ಗದ್ದೆ ಮಾಡಿಸಿಕೊಂಡು ತಮ್ಮ ಪಾಡಿಗೆ ತಾವಿದ್ದವರು. ಒಂದು ಬೇಸಿಗೆಯಲ್ಲಿ ಟೀವಿಯವರು ಕಾರಿನಲ್ಲಿ ಬಂದು ಮನೆಯನ್ನು ಸುತ್ತಿ ಸುತ್ತಿ ನೋಡಿ, 'ಸೋದರತ್ತೆ ಮನೆ' ಅನ್ನುವ ಧಾರಾವಾಹಿಗೆ ಇಂಥದೇ ಬೇಕು ಅಂದರು. ರಾಚಮ್ಮನಿಗೆ ಇಷ್ಟವಿರಲಿಲ್ಲ.

"ಒಪ್ಕಳಿ ರಾಚಕ್ಕ," ಎಂದು ಹಿಂದೆ ಬಿದ್ದವಳು ಪದ್ಮಶ್ರೀ. "ಮನೆಗೇನಾಯ್ತದೆ? ನಾಕು ದಿನ ಬತ್ತಾರೆ, ಫೋಟೋ ಹೊಡ್ಕೊಂಡು ಓಯ್ತಾರೆ. ನಮ್ಮೂರು ಟೀವೀಲಿ ಬತ್ತದೆ."

ನಾಲ್ಕು ದಿನ ಅಂದದ್ದು ನಾಲ್ಕು ವರ್ಷವಾಯಿತು. ತಿಂಗಳಿಗೆ ಹತ್ತು ದಿನ ಶೂಟಿಂಗು. ಸೊಸೆ ಪಾತ್ರದ ಹುಡುಗಿಯ ರವಿಕೆ ಬಿಗಿಯಾದರೆ, ಅತ್ತೆ ಪಾತ್ರದವರ ಫಾಲ್ ಬಿಚ್ಚಿದರೆ, "ಪದ್ಮಕ್ಕನ್ನ ಕರೀರಿ" ಅನ್ನುವರು. ಅವಳು ಸೂಜಿದಾರ ಹಿಡಿದು ತೊಟ್ಟಿಮನೆಯ ಹಿಂಬಾಗಿಲಿನಿಂದ ಒಳಗೆ ಓಡುವಳು. ಆ ಬಾಗಿಲ ಅಗುಳಿಯನ್ನು ಸಂದಿನಲ್ಲಿ ಎರಡು ಬೆರಳು ತೂರಿಸಿ ಹೊರಗಿನಿಂದಲೇ ಎತ್ತುವುದು ಅವಳಿಗೆ ಅಭ್ಯಾಸವಾಗಿತ್ತು. ಮೂರನೇ ವರ್ಷ ಕ್ಯಾಮರಾದ ಗಾಡಿ ತಿರುಗಲು ಜಾಗವಿಲ್ಲವೆಂದು ಪಡಸಾಲೆಯ ಒಂದು ಕಂಬ ತೆಗೆದು ಕಬ್ಬಿಣದ ಆಸರೆ ಕೊಟ್ಟರು. ಹೆದರಿದ ರಾಚಮ್ಮನಿಗೆ, "ಇಂಜಿನಿಯರ್ ಕರ್ಕೊಂಡು ಬಂದವ್ರೆ ಕಣಕ್ಕ, ಏನೂ ಆಗಕಿಲ್ಲ" ಎಂದು ಧೈರ್ಯ ಹೇಳಿದವಳೂ ಇವಳೇ. ಯಾವ ಇಂಜಿನಿಯರನ್ನೂ ಅವಳು ಕಂಡಿರಲಿಲ್ಲ. ಧಾರಾವಾಹಿ ಮುಗಿದಾಗ ಟೀವಿಯವರು ತಮ್ಮ ಕಬ್ಬಿಣ ತೆಗೆದುಕೊಂಡು ಹೋದರು. ಆಮೇಲೆ ಫೋನು ಎತ್ತಲಿಲ್ಲ. ಮನೆಯವರೇ ಊರಿದ ಸರ್ವೆ ಮರದ ಬೊಂಬಿನ ಮೇಲೆ ನಿಂತ ಆ ಮೂಲೆ ವರ್ಷವರ್ಷವೂ ಒಂದಿಷ್ಟು ಕುಸಿಯಿತು.

ಧಾರಾವಾಹಿ ನಿಂತರೂ ಜನ ನಿಲ್ಲಲಿಲ್ಲ. ಭಾನುವಾರ ಬಂತೆಂದರೆ ಕಾರುಗಳು. ಹೊಸಿಲ ಮೇಲೆ ಕೂತು ಫೋಟೋ, ತೊಟ್ಟಿಯಲ್ಲಿ ನಿಂತು ರೀಲ್ಸು. ಫೇಸ್‌ಬುಕ್ಕಿನಲ್ಲಿ ಅಭಿಮಾನಿಗಳದೊಂದು ಗುಂಪೇ ಇತ್ತು. ನಲವತ್ತು ಸಾವಿರ ಜನ. ಅದನ್ನು ನಡೆಸುತ್ತಿದ್ದವಳು ದಾವಣಗೆರೆಯ ರಮ್ಯ ಅನ್ನುವ ಲೆಕ್ಚರರ್. ಪದ್ಮಶ್ರೀ ವಾರಕ್ಕೊಂದು ಫೋಟೋ ಹಾಕುವಳು: ಮಳೆಯಲ್ಲಿ ನೆನೆದ ಹೆಂಚು, ಜಗಲಿಯ ಮೇಲೆ ಮಲಗಿದ ಬೆಕ್ಕು. ಸಾವಿರ ಜನ ಮೆಚ್ಚುವರು. "ನೀವೇ ಅದೃಷ್ಟವಂತರು ಪದ್ಮಕ್ಕ, ದಿನಾ ಆ ಮನೆ ನೋಡ್ತೀರಿ" ಎಂದು ಬರೆಯುವರು. ಬಂದವರು ಅವಳ ಜೊತೆಗೂ ನಿಂತು ಸೆಲ್ಫಿ ತೆಗೆಸಿಕೊಳ್ಳುವರು. ಹುಟ್ಟಿದಾಗಿನಿಂದ ಅವಳನ್ನು ಇಷ್ಟು ಜನ ಇಷ್ಟು ಆಸೆಯಿಂದ ಮಾತಾಡಿಸಿರಲಿಲ್ಲ. ಅದರ ರುಚಿ ಹತ್ತಿಬಿಟ್ಟಿತು.

ಹೋದ ವರ್ಷ ಮಹದೇವಪ್ಪನವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ನಿಂತಿತು. ಎದುರಿನವರು ಆಡಿದ್ದೆಲ್ಲ ಅರ್ಥವಾಗುತ್ತಿತ್ತು, ತಿರುಗಿ ಆಡಲಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ರಾಚಮ್ಮ ಅಂಗಡಿಗೆ ಬಂದು ಕೂತರು.

"ಮನೆ ಕೆಡವಿಸ್ತೀನಿ ಕಣೆ ಪದ್ಮ," ಅಂದರು. "ಹೊಸಿಲು ಮೊಣಕಾಲೆತ್ತರ ಅದೆ, ಗಾಲಿಕುರ್ಚಿ ದಾಟಕಿಲ್ಲ. ಬಚ್ಚಲು ಹಿತ್ತಲಲ್ಲಿ ಅದೆ. ಅವರನ್ನ ಎತ್ಕೊಂಡು ಓಗಕ್ಕೆ ನನ್ನ ಕೈಲಾಗಕಿಲ್ಲ, ತೊಟ್ಟೀಲೇ ಕೂರಿಸಿ ನೀರು ಉಯ್ತೀನಿ. ಆ ಮೂಲೆ ಬೇರೆ ಯಾವಾಗ ಬೀಳ್ತದೋ. ಎರಡು ರೂಮಿಂದು ತಗ್ಗಾಗಿ ಕಟ್ಟಿಸ್ಕೊಂಡ್ರೆ ಸಾಕು."

ಬೇರೆ ಯಾರಿಗೂ ಹೇಳುವ ಮುಂಚೆ ಅವಳಿಗೆ ಹೇಳಿದ್ದರು. ಪದ್ಮಶ್ರೀ "ಊಂ" ಅಂದಳು. ಅವರು ಅತ್ತ ಹೋದ ಮೇಲೆ ಫೋನು ತೆಗೆದಳು.

'ನಮ್ಮ ಸೋದರತ್ತೆ ಮನೆಯನ್ನು ಕೆಡವುತ್ತಿದ್ದಾರೆ' ಎಂದು ಬರೆದಳು. 'ಕಾರಣ ಗೊತ್ತಿಲ್ಲ. ಜಾಗಕ್ಕೆ ಒಳ್ಳೆ ಬೆಲೆ ಬಂದಿರಬಹುದು. ನಾವೆಲ್ಲ ಸೇರಿದರೆ ಉಳಿಸಬಹುದು.'

ಕಾರಣ ಗೊತ್ತಿಲ್ಲ ಎಂದು ಟೈಪು ಮಾಡುವಾಗ ಬೆರಳು ಒಂದು ಗಳಿಗೆ ನಿಂತಿತು. ನಿಜ ಬರೆದರೆ ಯಾರೂ ಮನೆ ಉಳಿಸಿ ಅನ್ನುವುದಿಲ್ಲ, ಅದು ಅವಳಿಗೆ ಗೊತ್ತಿತ್ತು. ಕಳಿಸಿಬಿಟ್ಟಳು. ಅರ್ಧ ಗಂಟೆಯಲ್ಲಿ ಮುನ್ನೂರು ಮಂದಿ ಅತ್ತುಕೊಂಡು, ಸಿಟ್ಟಾಗಿ ಬರೆದರು. ಆ ವಾರ ಫೋನು ಕೆಳಗಿಡಲು ಅವಳಿಗೆ ಪುರಸತ್ತಿರಲಿಲ್ಲ. ರಮ್ಯ ಫೋನ್ ಮಾಡಿ, "ಓನರ್ ಜೊತೆ ಮರ್ಯಾದೆಯಿಂದ ಮಾತಾಡ್ತೀವಿ, ನಂಬರ್ ಕೊಡಿ ಮೇಡಂ" ಅಂದಾಗ ಅದನ್ನೂ ಕೊಟ್ಟಳು.

ಮರ್ಯಾದೆಯಿಂದ ಮಾತಾಡಿದವರು ಇಬ್ಬರೋ ಮೂವರೋ. ಉಳಿದವರು ಬಾಯಿಗೆ ಬಂದದ್ದು ಅಂದರು. ನಾಲ್ಕನೇ ದಿನ ರಾಚಮ್ಮ ರಸ್ತೆ ದಾಟಿ ಬಂದರು.

"ಯಾರ್ಯಾರೋ ಫೋನ್ ಮಾಡಿ ಬಯ್ತಾರೆ ಕಣೆ. ದುಡ್ಡಿನ ಪಿಶಾಚಿ ಅಂತಾರೆ. ನನ್ನ ನಂಬರು ಅವರಿಗೆ ಎಲ್ಲಿ ಸಿಕ್ತು?"

ಪದ್ಮಶ್ರೀ ಮೆಷಿನ್ನಿನಿಂದ ತಲೆ ಎತ್ತಲಿಲ್ಲ. "ಈಗ ಯಾರ ನಂಬರ್ ಬೇಕಾದ್ರೂ ಸಿಗ್ತದೆ ಬುಡಿ ಅಕ್ಕ. ಎತ್ಬೇಡಿ, ಸುಮ್ನಾಯ್ತಾರೆ."

ರಾಚಮ್ಮ ಸ್ವಲ್ಪ ಹೊತ್ತು ನಿಂತಿದ್ದು ಹೋದರು.

ಮುಂದಿನ ಭಾನುವಾರ ಬೆಳಿಗ್ಗೆ ಎರಡು ಟೆಂಪೋ ಟ್ರಾವೆಲರ್ ಬಂದವು. ಮೂವತ್ತು ಮೂವತ್ತೈದು ಜನ, ಒಂದು ಬ್ಯಾನರು, ಮುಂದೆ ರಮ್ಯ. ತೊಟ್ಟಿಮನೆಯ ಮುಂಬಾಗಿಲು ಒಳಗಿನಿಂದ ಹಾಕಿತ್ತು. ತಟ್ಟಿದರು, ಕೂಗಿದರು, ಯಾರೂ ತೆಗೆಯಲಿಲ್ಲ. ಎಲ್ಲರೂ ಪದ್ಮಶ್ರೀಯ ಕಡೆ ತಿರುಗಿದರು. ಅಷ್ಟು ದೂರದಿಂದ ಬಂದವರು. ಅವಳನ್ನು ನಂಬಿ ಬಂದವರು.

"ಬನ್ನಿ ಬನ್ನಿ, ಇಲ್ಲಿಂದ ಬನ್ನಿ," ಎಂದು ಅವಳು ಹಿತ್ತಲಿಗೆ ನಡೆದಳು. ಎರಡು ಬೆರಳು ತೂರಿಸಿ ಅಗುಳಿ ಎತ್ತಿದಳು. ಜನ ಅವಳನ್ನು ತಳ್ಳಿಕೊಂಡೇ ಒಳಗೆ ನುಗ್ಗಿದರು.

ತೊಟ್ಟಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮಹದೇವಪ್ಪ ಕೂತಿದ್ದರು. ಮೈಮೇಲೆ ಬಟ್ಟೆಯಿರಲಿಲ್ಲ. ರಾಚಮ್ಮ ಸೀರೆ ಎತ್ತಿಕಟ್ಟಿ, ಬಗ್ಗಿ, ಅವರ ಬೆನ್ನು ಉಜ್ಜುತ್ತಿದ್ದರು. ಹಿಂದಿನಿಂದ ಬಂದವರು ಆಗಲೇ ಫೋನು ಎತ್ತಿ ಹಿಡಿದಿದ್ದರು. ಯಾರೋ ಹುಡುಗಿ, "ಅಯ್ಯೋ, ಇಲ್ಲೇ ಅಲ್ವಾ ಮದುವೆ ಸೀನು!" ಅಂದಳು. ಆಮೇಲಷ್ಟೇ ಕಂಡಿತೇನೋ, ಬಾಯಿ ಮುಚ್ಚಿಕೊಂಡಳು. ಮಹದೇವಪ್ಪ ಸ್ವಾಧೀನವಿದ್ದ ಎಡಗೈಯಿಂದ ಪಕ್ಕದ ಚೊಂಬನ್ನು ತೆಗೆದು ಮಡಿಲಿಗೆ ಅಡ್ಡ ಹಿಡಿದುಕೊಂಡರು. ಚೊಂಬಿನ ನೀರೆಲ್ಲ ತೊಡೆಯ ಮೇಲೆ ಚೆಲ್ಲಿತು.

ರಾಚಮ್ಮ ಸೆರಗು ಎಳೆದು ಗಂಡನಿಗೆ ಹೊದಿಸಿದರು. ತಲೆಯೆತ್ತಿ ಜನರನ್ನು ನೋಡಿದರು. ಆಮೇಲೆ, ಇನ್ನೂ ಬಾಗಿಲ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದ ಪದ್ಮಶ್ರೀಯನ್ನು ನೋಡಿದರು. ಕೂಗಾಡಲಿಲ್ಲ.

"ಎಲ್ರೂ ಆಚೆಗೋಗಿ," ಅಂದರು.

ಹೋದರು. ರಮ್ಯ ಬ್ಯಾನರು ಸುತ್ತಿಕೊಂಡು ಅಳುತ್ತಾ ಗಾಡಿ ಹತ್ತಿದಳು. ಆದರೆ ಸಂಜೆಯೊಳಗೆ ಯಾರೋ ಒಬ್ಬರು ತೆಗೆದ ವಿಡಿಯೋ ಊರೂರು ಸುತ್ತುತ್ತಿತ್ತು.

ಭಾನುವಾರವೂ ಗಿರಣಿಗೆ ಹೋಗಿದ್ದ ಶಶಿಕುಮಾರನಿಗೆ ಅದನ್ನು ಜೊತೆಯವರು ತೋರಿಸಿದರು. ಮನೆಗೆ ಬಂದವನು ಚಪ್ಪಲಿ ಬಿಡದೆ, ಫೋನನ್ನು ಅವಳ ಮೆಷಿನ್ನಿನ ಮೇಲಿಟ್ಟ. ಮೊದಲು ಕತ್ತಲೆ ಕತ್ತಲೆ ಚಿತ್ರ, ಅದರ ಮೇಲೊಂದು ಉತ್ಸಾಹದ ದನಿ: 'ಬನ್ನಿ ಬನ್ನಿ, ಇಲ್ಲಿಂದ ಬನ್ನಿ.'

"ಇದು ನಿನ್ನ ದನಿ ಅಲ್ವಾ?"

ಅವಳು ಫೋನನ್ನು ಮಗುಚಿಟ್ಟಳು.

"ನಮ್ಮಪ್ಪ ಸತ್ತಾಗ ಮೊದಲು ಹೆಗಲು ಕೊಟ್ಟೋರು ಕಣೆ ಅವ್ರು," ಅಂದ. ಅಷ್ಟೇ. ಕೈಕಾಲು ತೊಳೆದು, ಉಣ್ಣದೆ, ಹೊರಗೆ ಜಗಲಿಯ ಮೇಲೆ ಕೂತ. ಅವನು ಬೈದಿದ್ದರೆ ಅವಳೂ ಏನಾದರೂ ಅನ್ನಬಹುದಿತ್ತು. ಮತ್ತೆ ಮತ್ತೆ ತನ್ನ ದನಿಯನ್ನು ಕೇಳಿಸಿಕೊಂಡಳು. ಆ ದನಿಯಲ್ಲಿ ಎಷ್ಟು ಖುಷಿಯಿತ್ತು! ಅದನ್ನು ಕೇಳಿದರೆ ಮೈಯೆಲ್ಲ ಹೇಸಿಗೆಯಾಗುತ್ತಿತ್ತು.

ಬೆಳಗಾದ ಮೇಲೆ ರಮ್ಯಳಿಗೆ ಫೋನ್ ಮಾಡಿ ವಿಡಿಯೋ ಅಳಿಸಿಹಾಕಲು ಹೇಳಿದಳು. "ಗುಂಪಿಂದ ತೆಗೆದಿದೀನಿ ಮೇಡಂ. ಶೇರ್ ಆಗಿರೋದನ್ನ ಏನು ಮಾಡಲಿ?" ಅಂದಳು ರಮ್ಯ. ಆಮೇಲೆ ದನಿ ತಗ್ಗಿಸಿ, "ಅವರಿಗೆ ಹುಷಾರಿಲ್ಲ ಅಂತ ನಿಮಗೆ ಗೊತ್ತಿತ್ತಾ?" ಎಂದು ಕೇಳಿದಳು. ಪದ್ಮಶ್ರೀ ಗೊತ್ತಿತ್ತು ಅಂದಳು. ರಮ್ಯ ಫೋನು ಇಟ್ಟುಬಿಟ್ಟಳು.

ಗುಂಪಿನಲ್ಲಿ ಎಲ್ಲವನ್ನೂ ಬರೆದಳು. ಕಂಬ ತೆಗೆದದ್ದು, ಲಕ್ವ, ಹೊಸಿಲು, ತಾನು ಬರೆದ ಸುಳ್ಳು. ಕೆಲವರು ಕ್ಷಮೆ ಕೇಳಿದರು. ಹೆಚ್ಚಿನವರು ಅವಳನ್ನು ಬೈದರು. ಮನೆಯವರು ಕಾಸು ಕೊಟ್ಟು ಬರೆಸಿದ್ದಾರೆ ಎಂದವರೂ ಇದ್ದರು. ಓದುವಷ್ಟು ಓದಿ, ಗುಂಪಿನಿಂದ ಹೊರಬಂದು, ರಸ್ತೆ ದಾಟಿದಳು.

ರಾಚಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಪದ್ಮಶ್ರೀ ಮೆಟ್ಟಿಲ ಕೆಳಗೇ ನಿಂತಳು.

"ರಾಚಕ್ಕ, ಆ ನಂಬರು ಕೊಟ್ಟಿದ್ದೂ ನಾನೇ."

"ಗೊತ್ತಿತ್ತು ಕಣವ್ವ." ರಾಚಮ್ಮ ಕೈ ನಿಲ್ಲಿಸಲಿಲ್ಲ. "ಅವರು ಆಸ್ಪತ್ರೇಲಿದ್ದಾಗ ತಗೊಂಡ ನಂಬರು ಅದು. ಊರಲ್ಲಿ ನಿನಗೊಬ್ಬಳಿಗೇ ಕೊಟ್ಟಿದ್ದು. ಅವತ್ತು ನಿನ್ನ ಅಂಗಡಿಗೆ ಬಂದು ಕೇಳಿದ್ನಲ್ಲ, ನೀನೇ ಬಾಯ್ಬಿಟ್ಟು ಹೇಳ್ತೀಯೇನೋ ಅಂತ ಕೇಳ್ದೆ."

ಪದ್ಮಶ್ರೀಗೆ ನೆಲ ನೋಡುವುದೂ ಕಷ್ಟವಾಯಿತು. "ತಪ್ಪಾಯ್ತಕ್ಕ," ಅಂದಳು.

"ನನಗೇನು ಹೇಳ್ತೀಯ? ಒಳಗವ್ರೆ, ಅವರಿಗೆ ಹೇಳೋಗು."

ಮಹದೇವಪ್ಪ ಮಂಚದ ಮೇಲೆ ಒರಗಿದ್ದರು. ಅವಳು ಕಾಲ ಹತ್ತಿರ ಕೂತು ಹೇಳಬೇಕಾದ್ದನ್ನು ಹೇಳಿದಳು. ಕೊನೆಯವರೆಗೂ ಅವರು ಕೇಳಿಸಿಕೊಂಡರು. ಆಮೇಲೆ ಎಡಗೈಯನ್ನು ಊರಿಕೊಂಡು, ಬಹಳ ಕಷ್ಟಪಟ್ಟು, ಮುಖವನ್ನು ಗೋಡೆಯ ಕಡೆ ಹೊರಳಿಸಿಕೊಂಡರು. ಅವಳು ಎದ್ದು ಬಂದಳು.

ಮನೆ ಕೆಡವಿದ್ದು ಮಾಘದಲ್ಲಿ. ಹೆಂಚು ಇಳಿಸುವಾಗ ಬೀದಿಯವರೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಪದ್ಮಶ್ರೀಯೂ ಹೋಗಿ ನಿಂತಳು. ಬಾ ಅಂತಲೂ ಯಾರೂ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಪಕ್ಕದ ಹೆಂಗಸು ಹೆಂಚು ಕೊಡುವಾಗ ಅವಳ ಮುಖ ನೋಡದೆ ಕೊಟ್ಟಳು. ಎರಡು ದಿನ, ಮೂರು ಹೊತ್ತೂ ಅವಳು ಆ ಸಾಲಿನಲ್ಲಿದ್ದಳು.

ಹೊಸ ಮನೆ ಎದ್ದಿತು. ಹೊಸಿಲಿಲ್ಲ, ಮೆಟ್ಟಿಲಿಲ್ಲ, ಮಲಗುವ ಕೋಣೆಗೇ ಹೊಂದಿಕೊಂಡ ಬಚ್ಚಲು. ಈಗ ರಾಚಮ್ಮ ಬೆಳಗಿನ ಬಿಸಿಲಿಗೆ ಗಂಡನನ್ನು ಗಾಲಿಕುರ್ಚಿಯಲ್ಲಿ ಮುಂದಕ್ಕೆ ತಂದು ಬಿಡುತ್ತಾರೆ.

ಅದಾಗಿ ಎಷ್ಟೋ ದಿನಕ್ಕೆ ರಾಚಮ್ಮ ಒಂದು ಬಟ್ಟೆಯ ಗಂಟು ಹಿಡಿದು ಅಂಗಡಿಗೆ ಬಂದರು. ಬಲಗೈ ಎತ್ತಲಾಗದವರಿಗೆ ಹಾಕಲು ಸುಲಭವಾಗುವಂಥ ಅಂಗಿ ಬೇಕಿತ್ತು. ಪದ್ಮಶ್ರೀ ಟೇಪು ತೆಗೆದುಕೊಂಡು ಎದ್ದಳು.

"ಬ್ಯಾಡ, ನಾನೇ ಅಳೆದು ತಂದಿವ್ನಿ," ಎಂದು ರಾಚಮ್ಮ ಅಳತೆಗೆ ಗಂಟು ಹಾಕಿದ ಒಂದು ದಾರವನ್ನು ಮೇಜಿನ ಮೇಲಿಟ್ಟರು.

ಬಲದ ಪಕ್ಕ ಪೂರ್ತಿ ಬಿಚ್ಚಿಕೊಳ್ಳುವಂತೆ ಅಂಟಿಸುವ ಪಟ್ಟಿ ಇಟ್ಟು ಮೂರು ಅಂಗಿ ಹೊಲಿದಳು. ರಾಚಮ್ಮ ಹೊಲಿಗೆಯನ್ನು ತಿರುವಿ ನೋಡಿ, ತಲೆಯಾಡಿಸಿ, ತೆಗೆದುಕೊಂಡು ಹೋದರು. ಮಾರನೇ ದಿನ ಬಿಸಿಲಲ್ಲಿ ಕೂತ ಮಹದೇವಪ್ಪನವರ ಮೈಮೇಲೆ ಅದರಲ್ಲೊಂದು ಇತ್ತು. ಅವರು ಅಂಗಡಿಯ ಕಡೆ ನೋಡಲಿಲ್ಲ.

ಈಗಲೂ ಅಪರೂಪಕ್ಕೊಂದು ಕಾರು ಬಂದು ನಿಲ್ಲುತ್ತದೆ. ಸೋದರತ್ತೆ ಮನೆ ಯಾವುದು ಎಂದು ಯಾರಾದರೂ ಇಳಿಯುತ್ತಾರೆ. ಪದ್ಮಶ್ರೀ ಕೆಲಸ ಬಿಟ್ಟು ರಸ್ತೆಗೆ ಹೋಗುತ್ತಾಳೆ. "ಆ ಮನೆ ಈಗಿಲ್ಲ. ಅಲ್ಲಿ ಕೂತಿರೋರು ಕಾಯಿಲೆಯವರು, ಫೋನು ಒಳಗಿಡಿ," ಅನ್ನುತ್ತಾಳೆ. ಗಾಡಿ ತಿರುಗಿಸಿಕೊಂಡು ಹೋಗುವವರೆಗೂ ಅಲ್ಲೇ ಅಡ್ಡ ನಿಂತಿರುತ್ತಾಳೆ. ನಿಮ್ಮ ಹೆಸರೇನು ಎಂದು ಕೇಳಿದರೆ ಹೇಳುವುದಿಲ್ಲ.