ಪುರುಸೊತ್ತಿಲ್ಲದ ಪುಣ್ಯಾತ್ಮ

ಹಾಸ್ಟೆಲ್ಲಿನಲ್ಲಿ ನನಗಿದ್ದ ಒಂದೇ ಅಧಿಕಾರವೆಂದರೆ ಗೋಡೆ ಪತ್ರಿಕೆಯದು. ಮಧ್ಯ ಕರ್ನಾಟಕದ ಒಂದು ಇಂಜಿನಿಯರಿಂಗ್ ಕಾಲೇಜು, ಎರಡನೇ ಮಹಡಿಯಲ್ಲಿ ಹತ್ತೊಂಬತ್ತು ಜನ ಹುಡುಗರು, ಮೆಸ್ಸಿನ ಬಾಗಿಲ ಪಕ್ಕ ಪ್ರತಿ ಭಾನುವಾರ ನಾನು ಅಂಟಿಸುತ್ತಿದ್ದ ಒಂದು ಹಾಳೆ. ಯಾರು ಯಾವ ಸಬ್ಜೆಕ್ಟಿನಲ್ಲಿ ಡುಮ್ಕಿ ಹೊಡೆದರು, ಯಾರ ಮನೆಯಿಂದ ಚಕ್ಕುಲಿ ಡಬ್ಬ ಬಂತು, ಯಾರು ಅದನ್ನು ಮಂಚದ ಕೆಳಗೆ ಬಚ್ಚಿಟ್ಟು ಒಬ್ಬರೇ ತಿಂದರು, ಎಲ್ಲವೂ ಅದರಲ್ಲಿ ಇರುತ್ತಿತ್ತು. ಪ್ರತಿಯೊಬ್ಬನಿಗೂ ಒಂದೊಂದು ಬಿರುದು. ಗೇಲಿಗೆ ಸಿಗದ ವಾರ ತಮ್ಮನ್ನು ಮರೆತೇಬಿಟ್ಟೆ ಎಂದು ಮುಖ ಊದಿಸಿಕೊಳ್ಳುವವರೂ ಇದ್ದರು.

ಇಪ್ಪತ್ತು ವರ್ಷ ದಾಟಿದರೂ ಆ ಚಟ ಬಿಟ್ಟಿಲ್ಲ. ಈಗ ನಾನು ಶಿಕಾಗೋ ಪಕ್ಕದ ಲೈಲ್‌ನಲ್ಲಿದ್ದೇನೆ, ಹೆದ್ದಾರಿಯ ಪಕ್ಕದ ಗಾಜಿನ ಆಫೀಸಿನಲ್ಲಿ ಕೂತು ಬೇರೆಯವರ ಪ್ರೋಗ್ರಾಮಿನ ತಪ್ಪು ಹುಡುಕುವುದು ನನ್ನ ಕೆಲಸ. ಪ್ರತಿ ಯುಗಾದಿಗೆ ಗೋಡೆ ಪತ್ರಿಕೆಯನ್ನು ಪಿಡಿಎಫ್ ಮಾಡಿ ಹದಿನೆಂಟು ಜನರಿಗೂ ಕಳಿಸುತ್ತೇನೆ. ಒಬ್ಬೊಬ್ಬರಿಂದಲೂ ಒಂದೆರಡು ಸಾಲು ಸುದ್ದಿ ತರಿಸಿಕೊಂಡು, ಅದಕ್ಕೆ ಒಗ್ಗರಣೆ ಹಾಕುವುದು ನಾನು. ಎಲ್ಕ್ ಗ್ರೋವ್ ಕಡೆ ಕೆಲಸ ಕಳೆದುಕೊಂಡವನು ‘ಸ್ವಂತ ಕನ್ಸಲ್ಟಿಂಗ್ ಶುರು ಮಾಡಿದೀನಿ’ ಎಂದು ಬರೆಯುತ್ತಾನೆ. ಹೆಂಡತಿ ಬೇರೆ ಮನೆ ಮಾಡಿದವನು ಮಕ್ಕಳ ಫೋಟೊ ಮಾತ್ರ ಕಳಿಸುತ್ತಾನೆ. ನಾನು ಅದೆಲ್ಲವನ್ನೂ ತಿದ್ದಿ ತೀಡಿ ನಗುವ ಹಾಗೆ ಮಾಡುತ್ತೇನೆ. ನಮ್ಮ ಪತ್ರಿಕೆ ಓದಿದರೆ ಈ ಹತ್ತೊಂಬತ್ತು ಜನರಲ್ಲಿ ಒಬ್ಬನಿಗೂ ಒಂದು ನೆಗಡಿ ಕೂಡ ಬಂದಿಲ್ಲ ಅನ್ನಿಸಬೇಕು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಹಾಸ್ಟೆಲ್ಲಿನಲ್ಲಿ ನನ್ನ ಪಕ್ಕದ ಕೋಣೆಯವನು ಗದಗದ ಕಡೆಯವನು. ನಾನು ಮೈಸೂರಿನವನು. ಮೊದಲ ವರ್ಷ ಒಂದು ಬೆಳಿಗ್ಗೆ ಅವನು ನನ್ನ ಬಾಗಿಲಿಗೆ ಒರಗಿ ನಿಂತು, “ಆರಾಮಿಲ್ಲಲೇ” ಅಂದ. ರಾತ್ರಿಯೆಲ್ಲ ಓದಿ ದಣಿದಿದ್ದಾನೆ, ವಿರಾಮ ಸಿಗುತ್ತಿಲ್ಲ ಎಂದು ಗೊಣಗುತ್ತಿದ್ದಾನೆ ಅಂದುಕೊಂಡೆ. “ಹಂಗಾದ್ರೆ ಆರಾಮ್ ಮಾಡು, ನಾನು ಅಟೆಂಡೆನ್ಸ್ ಹಾಕಿಸ್ತೀನಿ” ಎಂದು ಹೇಳಿ ಕ್ಲಾಸಿಗೆ ಹೋದೆ. ಸಂಜೆ ಬಂದು ನೋಡಿದರೆ ಅವನ ಕಣ್ಣು ಹಳದಿಯಾಗಿತ್ತು, ಬಕೆಟ್ಟಿನಲ್ಲಿ ವಾಂತಿ. ಕಾಮಾಲೆ. ಅವರ ಕಡೆ ಆರಾಮಿಲ್ಲ ಅಂದರೆ ಮೈ ಹುಷಾರಿಲ್ಲ ಅಂತ ಅರ್ಥ ಎಂದು ನನಗೆ ಗೊತ್ತಾಗಿದ್ದು ಅವತ್ತು.

ಆ ಭಾನುವಾರದ ಹಾಳೆಯಲ್ಲಿ ಅವನಿಗೆ ‘ಅರಿಶಿನದ ಅರಸ’ ಎಂಬ ಬಿರುದು ಕೊಟ್ಟೆ. ಇವನು ಬೆರಳು ಅದ್ದಿದರೆ ಸಾಕು, ಮೆಸ್ಸಿನ ಸಾರಿಗೆ ಬೇರೆ ಅರಿಶಿನ ಬೇಡ ಎಂದೂ ಬರೆದೆ. ಮಲಗಿದಲ್ಲೇ ಓದಿಸಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕ. ಹಾಳೆ ಕಿತ್ತು ತನ್ನ ಮಂಚದ ಮೇಲಿನ ಗೋಡೆಗೆ ಅಂಟಿಸಿಕೊಂಡ. ಗೇಲಿ ಒಂದು ಕಡೆ. ಇನ್ನೊಂದು ಕಡೆ, ಅವನು ಎದ್ದು ಓಡಾಡುವವರೆಗೂ ದಿನಕ್ಕೊಬ್ಬನಂತೆ ನಾವು ಸೈಕಲ್ಲಿನಲ್ಲಿ ಹೋಗಿ ಕಬ್ಬಿನ ಹಾಲು ತಂದು ಕುಡಿಸಿದೆವು.

ಈಗ ಅವನು ಮಿಶಿಗನ್ನಿನ ಟ್ರಾಯ್‌ನಲ್ಲಿದ್ದ, ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಇಂಜಿನಿಯರ್. ನಮ್ಮ ಮನೆಯಿಂದ ಐದು ಗಂಟೆಯ ಡ್ರೈವ್. ಆ ಕಡೆ ನಮ್ಮ ಹಾಸ್ಟೆಲ್ಲಿನವರು ಬೇರೆ ಯಾರೂ ಇಲ್ಲ. ಬರ್ತೀನಿ ಬರ್ತೀನಿ ಅನ್ನುತ್ತಲೇ ನಾನು ಎರಡು ವರ್ಷ ತಳ್ಳಿದ್ದೆ.

ಈ ಯುಗಾದಿಗೆ ಎಲ್ಲರ ಸುದ್ದಿ ಬಂತು, ಅವನೊಬ್ಬನದು ಬಿಟ್ಟು. ಎರಡು ಸಲ ನೆನಪಿಸಿದೆ. ಮೂರನೆಯ ಸಲ ರೇಗಿ ಹೋಗಿ, ‘ಏನಪ್ಪಾ, ಫ್ರೆಂಡ್ಸಿಗೆ ಒಂದು ಲೈನ್ ಬರೆಯೋಕೂ ಪುರುಸೊತ್ತಿಲ್ವಾ ನಿನಗೆ?’ ಎಂದು ಮೆಸೇಜ್ ಹಾಕಿದೆ. ಅರ್ಧ ದಿನ ಬಿಟ್ಟು ಉತ್ತರ ಬಂತು, ನಾವೆಲ್ಲ ಬರೆಯುವ ಹಾಗೆ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ. ‘ಆರಾಮಿಲ್ಲಲೇ ದೋಸ್ತ.’

ಅಷ್ಟೇ. ನಾನು ಕೇಳಿದ್ದು ಪುರುಸೊತ್ತು, ಹಾಗಾಗಿ ಬಂದದ್ದೂ ಪುರುಸೊತ್ತಿನ ಉತ್ತರ ಎಂದು ಓದಿಕೊಂಡೆ. ‘ಆಯ್ತು ಬಿಡಪ್ಪ, ದೊಡ್ಡ ಮನುಷ್ಯ ಆಗ್ಬಿಟ್ಟೆ’ ಎಂದು ತಿರುಗಿ ಬರೆದು, ಪತ್ರಿಕೆಯಲ್ಲಿ ಅವನ ಜಾಗ ತುಂಬಿಸಿದೆ. ಅದನ್ನು ಇಲ್ಲಿ ಇದ್ದ ಹಾಗೆಯೇ ಕೊಡುತ್ತೇನೆ, ತಪ್ಪಿಸಿಕೊಳ್ಳುವ ಮನಸ್ಸಿಲ್ಲ.

‘ಟ್ರಾಯ್: ಪುರುಸೊತ್ತಿಲ್ಲದ ಪುಣ್ಯಾತ್ಮ. ಅಮೆರಿಕದ ಕಾರುಗಳೆಲ್ಲ ಇವರ ಹೆಗಲ ಮೇಲೆಯೇ ಓಡುತ್ತಿರುವುದರಿಂದ ಮಿತ್ರರಿಗೆ ಒಂದು ಸಾಲು ಗೀಚಲೂ ಆರಾಮಿಲ್ಲವಂತೆ. ಇವರಿಗೆ ಆದಷ್ಟು ಬೇಗ ದೀರ್ಘ ವಿಶ್ರಾಂತಿ ದೊರೆಯಲಿ ಎಂದು ನಮ್ಮೆಲ್ಲರ ಹಾರೈಕೆ.’

ಗ್ರೂಪಿನಲ್ಲಿ ಎಲ್ಲರೂ ನಕ್ಕರು. ಅವನಿಗೆ ಬೇರೆಯಾಗಿಯೂ ಕಳಿಸಿದ್ದೆ, ಓದಿದ್ದಕ್ಕೆ ನೀಲಿ ಗುರುತು ಬಿತ್ತು, ಅದನ್ನೂ ಗ್ರೂಪಿನಲ್ಲಿ ಹೇಳಿದೆ. ‘ಪುಣ್ಯಾತ್ಮನಿಗೆ ಓದೋಕೆ ಟೈಮ್ ಸಿಕ್ತಲ್ಲಪ್ಪಾ’ ಎಂದು ಒಬ್ಬ ಹಾಕಿದ. ಅವನಿಂದ ಮಾತ್ರ ಏನೂ ಬರಲಿಲ್ಲ, ನಾನೂ ಮುಂದೆ ಕೇಳಲಿಲ್ಲ.

ಜೂನ್‌ನಲ್ಲಿ ಒಂದು ಮಧ್ಯಾಹ್ನ ಅವನ ಹೆಂಡತಿಯ ಫೋನ್. ಊಟಕ್ಕೆಂದು ಹೊರಟವನು ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿದ್ದೆ. ಅವಳು ಅಳುತ್ತಿರಲಿಲ್ಲ, ಪಟ್ಟಿ ನೋಡಿಕೊಂಡು ಫೋನ್ ಮಾಡುತ್ತಿದ್ದವಳ ದನಿ ಅದು.

“ಅಣ್ಣಾರ, ಅವರು ಹೋದ್ರು. ಇವತ್ತ ಮುಂಜಾನೆ.”

ನಾನು ಏನು ಕೇಳಿದೆನೋ ನೆನಪಿಲ್ಲ. ಆಕ್ಸಿಡೆಂಟಾ ಎಂದು ಕೇಳಿರಬೇಕು.

“ಇಲ್ರಿ. ಫೆಬ್ರುವರಿಯಿಂದ ಅವರಿಗೆ ಆರಾಮಿರ್ಲಿಲ್ಲಲ್ರಿ. ಲಿವರ್ ಕ್ಯಾನ್ಸರ್. ನಿಮಗ ತಿಳಿಸೀನಿ ಅಂದಿದ್ರು.”

ಅವಳ ಬಾಯಿಂದ ಆ ಪದ ಬಂದಾಗಲೇ ನನಗೆ ಹೊಳೆದದ್ದು. ಬಿಸಿಲಿಗೆ ಕಾದ ಕಾರಿನ ಮೇಲೆ ಕೈಯಿಟ್ಟುಕೊಂಡು ನಿಂತೆ. ಎಷ್ಟು ಹೊತ್ತು ಹಾಗೆ ಇಟ್ಟಿದ್ದೆನೋ, ಆಮೇಲೆ ನೋಡಿದರೆ ಅಂಗೈ ಕೆಂಪಾಗಿತ್ತು.

ಅವಳು ಇನ್ನೊಂದು ಮಾತು ಹೇಳಿದಳು. “ನಾ ಕೇಳಿದೆ, ಉಳಿದವರಿಗೂ ಹೇಳ್ರಿ ಅಂತ. ಅವಂಗ ಹೇಳಿದ್ರ ಮುಗೀತು, ಎಲ್ಲಾರಿಗೂ ಹೇಳ್ದಂಗ, ಅವನಽ ನಮ್ಮ ಪೇಪರ್ ಅಂದ್ರು.”

ದಹನದ ಹಿಂದಿನ ದಿನ ಶಿಕಾಗೋ ಕಡೆಯ ಮೂವರು ಒಂದು ಕಾರಿನಲ್ಲಿ ಹೊರಟರು. ನಾನು ಒಬ್ಬನೇ ಬರ್ತೀನಿ ಅಂದೆ. ಅವಳಿಗೆ ಇದ್ದದ್ದು ಇದ್ದಂತೆ ಹೇಳಲೇಬೇಕು ಎಂದು ತೀರ್ಮಾನಿಸಿದ್ದೆ. ಅದನ್ನು ಅಭ್ಯಾಸ ಮಾಡಿಕೊಳ್ಳಲು ನನಗೆ ದಾರಿ ಬೇಕಿತ್ತು. ಅವನು ಹೇಳಿದ್ದ, ನಾನು ತಪ್ಪು ತಿಳಿದೆ, ತಮಾಷೆ ಮಾಡಿ ಹಂಚಿದೆ: ಮೂರು ವಾಕ್ಯ. ಮಿಶಿಗನ್ ಸರೋವರದ ದಕ್ಷಿಣದ ತುದಿ ಸುತ್ತುವಾಗ ಜೋರಾಗಿಯೇ ಹೇಳಿಕೊಂಡೆ. ಅರ್ಧ ದಾರಿಯ ಕಲಮಜೂ ಊರು ದಾಟುವ ಹೊತ್ತಿಗೆ ನನ್ನ ಪರವಾಗಿ ವಾದ ಶುರುವಾಗಿತ್ತು. ಎರಡೇ ಪದ ಬರೆದರೆ ಯಾರಿಗೆ ತಾನೆ ಗೊತ್ತಾಗುತ್ತೆ? ಒಂದು ಫೋನ್ ಮಾಡಬಾರದಿತ್ತೇ? ಸತ್ತವನ ಮೇಲೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯಾಯಿತು. ರಸ್ತೆ ರಿಪೇರಿಯ ಕಿತ್ತಳೆ ಡ್ರಮ್ಮುಗಳ ನಡುವೆ ಎಲ್ಲ ಕಾರುಗಳೂ ತೆವಳುತ್ತಿದ್ದವು. ಅವನ ಜಾಗದಲ್ಲಿ ನಾನಿದ್ದರೆ ಆ ಪತ್ರಿಕೆ ಓದಿ ಏನಂದುಕೊಳ್ಳುತ್ತಿದ್ದೆ ಎಂದು ಯೋಚಿಸಿದೆ. ಎಲ್ಲ ತಿಳಿದೇ ಗೇಲಿ ಮಾಡಿದ್ದಾನೆ, ಅರಿಶಿನದ ಅರಸನ ಹಾಗೆ, ಇನ್ನು ಕಬ್ಬಿನ ಹಾಲು ಬರುತ್ತೆ ಎಂದು ಕಾದನೇನೋ. ಹಾಗೆ ಕಾದಿದ್ದರೆ ಏಪ್ರಿಲ್, ಮೇ ಎರಡೂ ತಿಂಗಳು ಕಾದಿರಬೇಕು.

ದಹನ ಮುಗಿಸಿ ಅವರ ಮನೆಗೆ ಹೋದೆವು. ಗರಾಜಿನ ತುಂಬ ಚಪ್ಪಲಿ. ಅಡುಗೆಮನೆಯ ಕಟ್ಟೆಯ ಮೇಲೆ ದೇವಸ್ಥಾನದ ಕಡೆಯ ಪರಿಚಯದವರು ತಂದಿಟ್ಟ ಅಲ್ಯೂಮಿನಿಯಂ ಟ್ರೇಗಳು, ಅನ್ನ, ಸಾರು, ಪಲ್ಯ. ಜನ ಕರಗಿದರು. ನಮ್ಮ ಮೂವರೂ ಮಾರನೆಯ ದಿನದ ಆಫೀಸು ಎಂದು ಹೊರಟರು. ನಾನು ಉಳಿದೆ. ಊಟದ ಮೇಜಿನ ಒಂದು ತುದಿಯಲ್ಲಿ ಹೈಸ್ಕೂಲಿಗೆ ಹೋಗುವ ಅವನ ಮಗಳು ಅಪ್ಪನ ಫೋನ್ ಹಿಡಿದುಕೊಂಡು ಫೋಟೊ ಆರಿಸುತ್ತಿದ್ದಳು, ಹನ್ನೊಂದನೆಯ ದಿನಕ್ಕೆ ದೊಡ್ಡದು ಮಾಡಿಸಲು.

ಅವನ ಹೆಂಡತಿ ನನ್ನೆದುರು ಕೂತಳು.

“ಎಲ್ಲಾರಿಗೂ ಗೊತ್ತಿತ್ತಲ್ರಿ ಅಣ್ಣಾರ. ಒಬ್ಬರರ ಫೋನ್ ಮಾಡ್ಲಿಲ್ಲ. ಅವರು ಫೋನ್ ದಿಂಬಿನ ಬಾಜೂನಽ ಇಟ್ಕೊಂಡಿರ್ತಿದ್ರು. ನಾನಽ ಸಮಾಧಾನ ಹೇಳ್ದೆ, ಎಲ್ಲಾರೂ ಬಿಜಿ ಇರ್ತಾರ ಬಿಡ್ರಿ ಅಂತ.”

ಮೂರು ವಾಕ್ಯ ಸಿದ್ಧವಾಗಿದ್ದವು. ನಾನು ಬಾಯಿ ತೆರೆದೆ.

“ಯಾರಿಗೂ ಗೊತ್ತಿರಲಿಲ್ಲ” ಅಂದೆ.

“ನಿಮಗ?”

“ನನಗೂ. ಬಿಜಿ ಇದೀನಿ ಅಂತ ಬರೆದಿದ್ದ ಅಷ್ಟೇ.”

ಅಷ್ಟು ಸುಲಭವಾಗಿ ಬಂತು. ಮೂವತ್ತು ಸಲ ಅಭ್ಯಾಸ ಮಾಡಿದ್ದು ಬರಲಿಲ್ಲ, ಒಂದು ಸಲವೂ ಅಭ್ಯಾಸ ಮಾಡದ್ದು ಬಂತು. ಹೇಳಿದ ಕೂಡಲೇ ಎದೆಯ ಮೇಲಿದ್ದ ಕಲ್ಲು ಇಳಿಸಿದಂತೆ ಹಗುರವಾಯಿತು ಎಂಬುದನ್ನೂ ಬರೆದುಬಿಡುತ್ತೇನೆ.

ಅವಳು ಮೇಜಿನ ಮೇಲಿದ್ದ ಕರವಸ್ತ್ರವನ್ನು ಮಡಿಸಿದಳು, ಬಿಡಿಸಿದಳು. “ನಿಮಗ ಹೇಳೀನಿ ಅಂತ ನನಗ ಅಂದ್ರಲ್ರಿ” ಅಂದಳು. “ನಾ ಎಷ್ಟ ಸಲ ಕೇಳೀನಿ. ಹೂಂ, ಹೇಳೀನಿ, ಬರ್ತಾನ ಅಂತಿದ್ರು. ನನ್ನ ಮುಂದೂ ಸುಳ್ಳ ಹೇಳಿದ್ರೇನು?” ಅಲ್ಲಿಯವರೆಗೆ ಅವಳ ದನಿಯಲ್ಲಿ ದಣಿವಿತ್ತು, ಈಗ ಸಿಟ್ಟು. ಅದು ನನ್ನ ಮೇಲಲ್ಲ. ಬೆಳಿಗ್ಗೆ ಬೂದಿಯಾದವನ ಮೇಲೆ.

ಹೇಳಿದ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಇನ್ನೂ ಹೊತ್ತಿತ್ತು. ನಾನು ತೆಗೆದುಕೊಳ್ಳಲಿಲ್ಲ. ಹುಡುಗಿ ಅದೇ ಹೊತ್ತಿಗೆ ತಲೆಯೆತ್ತಿದಳು. ಅವಳಿಗೆ ಬರುವ ಕನ್ನಡ ಊಟ, ನಿದ್ದೆ, ಬೈಗುಳದಷ್ಟು. ನಮ್ಮ ಮಾತಿನಲ್ಲಿ ಎಷ್ಟು ಅರ್ಥವಾಗಿತ್ತೋ, ಫೋಟೊ ಬಿಟ್ಟು ಮೆಸೇಜುಗಳಲ್ಲಿ ನನ್ನ ಹೆಸರು ಹುಡುಕಿದ್ದಳು. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ, ಅಮೆರಿಕನ್ ನಾಲಿಗೆಯಲ್ಲಿ ಓದಿದಳು.

“ಆ-ರಾಮ್-ಇಲ್ಲ-ಲೇ ದೋಸ್ತ. ಅಂಕಲ್, ದಟ್ ಮೀನ್ಸ್ ಸಿಕ್.”



ತನಗೆ ಜ್ವರ ಬಂದರೆ ಅಪ್ಪ ಊರಿಗೆ ಫೋನ್ ಮಾಡಿ ಅಜ್ಜಿಗೆ ಇದನ್ನೇ ಹೇಳುತ್ತಿದ್ದರು ಎಂದು ಅವಳು ಇಂಗ್ಲಿಷಿನಲ್ಲೇ ವಿವರಿಸಿದಳು, ಕನ್ನಡ ಗೊತ್ತಿಲ್ಲದ ಯಾರಿಗೋ ಹೇಳುವ ಹಾಗೆ, ತಾಳ್ಮೆಯಿಂದ. ಆಮೇಲೆ ಅಮ್ಮನ ಕಡೆ ತಿರುಗಿ, “ಅಮ್ಮಾ, ಹಿ ಡಿಡ್ ಟೆಲ್ ಹಿಮ್” ಅಂದಳು.

ತಾಯಿ ಫೋನ್ ತೆಗೆದುಕೊಂಡಳು. ನನ್ನ ಪ್ರಶ್ನೆ ಮೇಲಿತ್ತು, ಅವನ ಎರಡು ಪದ ನಡುವೆ, ಕೆಳಗೆ ‘ದೊಡ್ಡ ಮನುಷ್ಯ ಆಗ್ಬಿಟ್ಟೆ’. ಅದರ ಕೆಳಗೆ ಪತ್ರಿಕೆ. ಬೆರಳಿನಿಂದ ಮೇಲೆ ತಳ್ಳುತ್ತ ಅದನ್ನೂ ತೆರೆದು ಓದಿದಳು. ದೀರ್ಘ ವಿಶ್ರಾಂತಿಯವರೆಗೂ ಓದಿದಳು ಎಂದು ನನಗೆ ಗೊತ್ತಾಯಿತು, ಅಲ್ಲಿ ಅವಳ ಬೆರಳು ನಿಂತಿತು.

ಬೈಯುತ್ತಾಳೆ ಎಂದುಕೊಂಡೆ. ಬೈಯಲಿ ಎಂದೇ ಕಾದೆ. ಅವಳು ಮತ್ತೆ ಹಿಂದಕ್ಕೆ ಹೋಗಿ ಆ ಎರಡು ಪದದ ಮೇಲೆ ಹೆಬ್ಬೆರಳಿಟ್ಟು, ನನ್ನನ್ನು ನೋಡದೆ, ಮಗಳಿಗೂ ಅಲ್ಲದೆ, ತನ್ನಷ್ಟಕ್ಕೆ ಹೇಳಿಕೊಂಡಳು.

“ಹೇಳ್ಯಾರ. ಸುಳ್ಳ ಹೇಳಿಲ್ಲ, ಹೇಳ್ಯಾರ ಅವರು.”

ಎರಡು ಸಲ ಅಂದಳು. ಮೂರು ದಿನದಲ್ಲಿ ಮೊದಲ ಸಲ ಅತ್ತದ್ದು ಆಗಲೇ ಎಂದು ಮಗಳು ನನಗೆ ಆಮೇಲೆ ಹೇಳಿದಳು.

ನಾನು ಎದ್ದೆ. ಕ್ಷಮಿಸಿ ಎಂದು ಏನೋ ತೊದಲಿದೆ, ಕಾರಿನ ಕೀಲಿಗೆ ಜೇಬು ತಡಕಿದೆ. ಅವಳು ಮುಖ ಒರೆಸಿಕೊಂಡು ಒಂದು ತಟ್ಟೆ ತೆಗೆದು ಟ್ರೇಯಿಂದ ಅನ್ನ ಬಡಿಸಿದಳು, ಸಾರು ಹಾಕಿದಳು, ಮೈಕ್ರೊವೇವಿನಲ್ಲಿ ಬಿಸಿ ಮಾಡಿ ತಂದು ಮೇಜಿನ ಮೇಲಿಟ್ಟಳು.

“ಉಂಡ ಹೋಗ್ರಿ. ದೂರ ಹೋಗೂದೈತಿ.”

ಕೂತು ಉಂಡೆ.