ಪುರೆ ಅಂತ ಬಿಟ್ಟ ಪುರಾಣ

ನಮ್ಮ ಮನೆಗೆ ಮೊಮ್ಮಗಳು ಬಂದಳು! ಗಡಹಿಂಗ್ಲಜದ ತವರಿನಲ್ಲಿ ಹಡೆದು, ಮೂರು ತಿಂಗಳ ಬಾಣಂತನ ಮುಗಿಸಿ, ಸೊಸೆ ಇವತ್ತು ಕೂಸನ್ನು ಎತ್ತಿಕೊಂಡು ಹೊಸ್ತಿಲು ದಾಟಿದಳು. ಆರತಿ ಎತ್ತುವ ಅವಸರದಲ್ಲಿ ಕುಂಕುಮದ ನೀರು ನನ್ನ ಸೀರೆ ಮೇಲೇ ಚೆಲ್ಲಿತು. ಚೆಲ್ಲಲಿ ಬಿಡ್ರಿ! ಓಣಿಯ ಮಂದಿಗೆಲ್ಲ ಹೇಳಿ ಬಂದೆ, ಆದರೂ ಹೊಟ್ಟೆ ತುಂಬಲಿಲ್ಲ. ಅದಕ್ಕೇ ಬರೆಯಲು ಕೂತೆ. ನಾನು ಕಲಿತದ್ದು ಮೂರನೇ ಇಯತ್ತೆ, ಅದೂ ಮರಾಠಿ ಶಾಲೆಯಲ್ಲಿ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಕೂಸಿನ ಕೆಳಗೆ ಹಾಸಲು ಮೆತ್ತನ್ನ ಹಳೇ ಸೀರೆ ಬೇಕಾಗಿತ್ತು. ಟ್ರಂಕಿನ ತಳ ತಡಕಿದಾಗ ಒಂದು ಪುಸ್ತಕ ಸಿಕ್ಕಿತು. ರಟ್ಟಿಲ್ಲ, ಮೊದಲಿನ ಹಾಳೆಗಳಿಲ್ಲ. ಮೂಗಿಗೆ ಹಿಡಿದರೆ ನೂಲಿನ ಗಂಜಿ, ಮಗ್ಗದ ಎಣ್ಣೆ... ಪಕ್ಕದ ಮನೆ ಅಕ್ಕಾರ ವಾಸನೆ.

ಅರವತ್ತನೇ ಇಸವಿಯ ಆಚೀಚೆ ನಾನು ಮದುವೆಯಾಗಿ ಈ ಇಚಲಕರಂಜಿಗೆ ಬಂದೆ. ಓಣಿ ತುಂಬ ಮಗ್ಗದ ಸಪ್ಪಳ. ಮಧ್ಯಾಹ್ನ ಹೆಣ್ಣುಮಕ್ಕಳೆಲ್ಲ ಅಕ್ಕಾರ ಪಡಸಾಲೆಯಲ್ಲಿ ಸೇರಿ, ರಾಟಿ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಿದ್ದೆವು. ಅಕ್ಕಾರು ಪುಸ್ತಕ ಬಿಚ್ಚಿ ಕನ್ನಡ ಪುರಾಣ ಓದುತ್ತಿದ್ದರು. ತಡವರಿಸಬಾರದೆಂದು ಅವತ್ತಿನ ಅಧ್ಯಾಯವನ್ನು ಮುಂಜಾನೆಯೇ ಒಬ್ಬರೇ ಓದಿಕೊಳ್ಳುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ದನಿ ಮಾತ್ರ ದೊಡ್ಡದು, ನಾಲ್ಕು ರಾಟಿಯ ಮೇಲೆ ಕೇಳುವಂಥದ್ದು.

ಪುರಾಣ ಹಚ್ಚಿದರೆ ಪೂರ್ತಿ ಮುಗಿಸಿ ಮಂಗಳ ಹಾಡಲೇಬೇಕು. ಅರ್ಧಕ್ಕೆ ಬಿಟ್ಟರೆ ಮನೆಗೆ ಕೇಡು, ಅದೂ ಬಸುರಿ ಕೇಳುತ್ತಿದ್ದರೆ ಅವಳಿಗೇ ಕೇಡು. ನಮ್ಮ ಅತ್ತೆ ಇದನ್ನು ದಿನಕ್ಕೆ ಎರಡು ಸಲ ಹೇಳುತ್ತಿದ್ದರು. ಬಸುರಿ ನಾನೇ. ಅದಕ್ಕೂ ಮೊದಲು ಒಂದು ಗಂಡು ಹಡೆದಿದ್ದೆ. ಹನ್ನೊಂದು ದಿನ ಇತ್ತು. ಜ್ವರ ಬಂತು, ಹೋಯಿತು...

ಆ ಸಲದ ಪುರಾಣದಲ್ಲಿ ಹೂ ಮಾರುವ ಹೆಣ್ಣುಮಗಳೊಬ್ಬಳಿದ್ದಳು. ಹರಕೆ ಹೊತ್ತು ಹಡೆದ ಮಗ. ಒಂದು ದಿನದ ಓದು ಆ ಮಗುವಿಗೆ ಜ್ವರ ಬಂದಲ್ಲಿಗೆ ನಿಂತಿತು. ನನ್ನ ಕೈಯ ನೂಲು ಕಡಿಯಿತು. ಮತ್ತೆ ಗಂಟು ಹಾಕಲು ಬರಲಿಲ್ಲ. ಅಕ್ಕಾರು ನೋಡಿದರು.

ಮರುದಿನ ಹೋದರೆ ಕಾಯಿ, ಕರ್ಪೂರ, ಆರತಿ ತಟ್ಟೆ ಎಲ್ಲ ತಯಾರು.

"ಇವತ್ತ ಮಂಗಳ" ಅಂದರು ಅಕ್ಕಾರು.

"ಅಯ್ಯ! ಆ ಕೂಸಿಗೇನಾತ ಮತ್ತ?" ಅಂದಳು ಎದುರು ಮನೆಯವಳು.

"ಔಷಧ ಕುಡದು ಮಲಗೇತಿ. ನೀ ಗದ್ಲಾ ಹಾಕಿ ಎಬ್ಬಸಬ್ಯಾಡ."

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. "ಇನ್ನೂ ಬೆರಳ ದಪ್ಪ ಹಾಳಿ ಉಳದಾವ. ಅರ್ಧಾಕ್ಕ ಬಿಡ್ತೀಯೇನವಾ? ಬಸುರಿ ಕುಂತಾಳಿಲ್ಲೆ!"

ಅಕ್ಕಾರು ಪೆನ್ಸಿಲ್ ತೆಗೆದು ಹಾಳೆಯ ಕೆಳಗೆ ಏನೋ ಗೀಚಿದರು. "ಮುಗದೈತಿ ಅಂತನ ಬರದೇನ್ರಿ. ಬೇಕಾದ್ರ ನಿಮ್ಮ ಸೊಸೀ ಕಡಿಂದನ ಓದಸ್ರಿ."

ಅವರು ಬರೆದದ್ದು ಮರಾಠಿ ಅಕ್ಷರದಲ್ಲಿ. ಅಲ್ಲಿ ಕೂತವರಲ್ಲಿ ಆ ಅಕ್ಷರ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ನೋಡಿದೆ. 'ಪುರೆ' ಅಂತ ಇತ್ತು. ಮರಾಠಿಯಲ್ಲಿ ಪುರೆ ಅಂದರೆ 'ಸಾಕು'. ಪಂಕ್ತಿಯಲ್ಲಿ ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿದು ಅನ್ನುವ ಮಾತು, ಅತ್ತೆಗೂ ಗೊತ್ತಿದ್ದದ್ದೇ. ಮುಗಿಯಿತು ಅಂತಲ್ಲ, ಸಾಕು ಮಾಡಿದೆ ಅಂತ. ಮುಂದಿನ ಹಾಳೆಯಲ್ಲಿ ಏನಿದೆ ಎಂದು ನನಗೆ ಆಗಲೇ ತಿಳಿಯಿತು.

"ಏನೈತವಾ?" ಅತ್ತೆ ಕೇಳಿದರು.

"ಪೂರಾ... ಪೂರಾ ಅಂತ ಬರದಾರ್ರಿ ಅತ್ತಿ."

ಒಂದು ದೀರ್ಘ ಎಳೆದೆ, ಕೊನೆಯ ಅಕ್ಷರ ತಿರುಗಿಸಿದೆ, ಅಷ್ಟೇ. ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಎದ್ದು, "ಪೂರಾ ಆದ್ರ ಆತ ಬಿಡು. ಕರ್ಪೂರ ಹಚ್ರಿ" ಅಂದರು.

ಅಲ್ಲಿಂದ ಹಡೆಯುವ ತನಕ ನನಗೆ ಅಂಜಿಕೆಯೇ. ಒಂದು ಸಲ ಅಕ್ಕಾರ ಮುಂದೆ ಅತ್ತೂ ಬಿಟ್ಟೆ. ಅವರು ರಾಟಿ ನಿಲ್ಲಿಸದೆ ಅಂದರು: "ಪಾಪ ಇದ್ರ ಬರದವರಿಗೆ. ಹುಚ್ಚಿ, ನೀ ಓದಿದ್ದು ಒಂದ ಶಬ್ದ."

ಮಗ ಹುಟ್ಟಿದ. ಹನ್ನೊಂದನೆಯ ದಿನ ಅಕ್ಕಾರು ಮುಂಜಾನೆಯಿಂದ ನಮ್ಮ ಮನೆ ಬಿಟ್ಟು ಹೋಗಲಿಲ್ಲ. ಹನ್ನೆರಡನೆಯ ದಿನ ಅವನು ಓಣಿಗೆಲ್ಲ ಕೇಳುವಂತೆ ಅತ್ತ. "ಇದ ನೋಡ ಮಂಗಳ" ಅಂದರು ಅಕ್ಕಾರು.

ಆಮೇಲೆ ನನಗೆ ಕನ್ನಡ ಅಕ್ಷರ ಕಲಿಸಿದವರೂ ಅವರೇ. ಕೆಲವು ವರ್ಷಕ್ಕೆ ಅವರ ಯಜಮಾನರು ಮಗ್ಗ ಬಿಟ್ಟು ಜಯಸಿಂಗಪುರಕ್ಕೆ ಹೊರಟರು. ಹೋಗುವಾಗ ಅಕ್ಕಾರು ಈ ಪುಸ್ತಕ ನನ್ನ ಕೈಗಿಟ್ಟು, "ಈಗ ನಿನಗ ಓದಾಕ ಬರತೈತಿ. ಓದೂದು ಬಿಡೂದು ನಿನಗ ಬಿಟ್ಟದ್ದು" ಅಂದರು. ಅವರು ತೀರಿಕೊಂಡ ಸುದ್ದಿ ಬಂದದ್ದು ತಿಂಗಳ ಮೇಲೆ, ಸಂತೆಗೆ ಬಂದವರ ಬಾಯಿಂದ. ಜಯಸಿಂಗಪುರ ಎಷ್ಟು ದೂರ ಮಹಾ... ಒಮ್ಮೆ ಹೋಗಿ ನೋಡಿ ಬರಬೇಕಿತ್ತು. ಹೋಗಲಿಲ್ಲ.

ಪೆನ್ಸಿಲ್ ಅಕ್ಷರ ಮಾಸಿದೆ, ಆದರೂ ಕಾಣುತ್ತದೆ. ಹಾಳೆಯ ಮೂಲೆಗೆ ಇವತ್ತು ಬೆರಳು ಹಚ್ಚಿದೆ, ತಿರುವಲಿಲ್ಲ. ಆಮೇಲೆ ಪುಸ್ತಕ ಮತ್ತೆ ಟ್ರಂಕಿನಲ್ಲಿಟ್ಟು, ಸೀರೆ ತಗೊಂಡು ಎದ್ದೆ.

ಸಂಜೆ ಹೋಳಿಗೆ ಮಾಡಿದೆ. ಪಡಸಾಲೆಯಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತರು. ಯಜಮಾನರು, ಮಗ, ಸೊಸೆ, ಅವಳ ಮಗ್ಗುಲಿಗೆ ಹಳೇ ಸೀರೆಯ ಮೇಲೆ ಕಾಲು ಬಡಿಯುತ್ತ ಕೂಸು. ನಾನು ಹೋಳಿಗೆ ಹಿಡಕೊಂಡು ಬಾಗಿದಾಗ ಮಗ ತಾಟಿಗೆ ಕೈ ಅಡ್ಡ ಹಿಡಿದ.

"ಪುರೆ, ಅವ್ವಾ, ಪುರೆ!"

"ಪೂರಾ ಅಂದ್ಯಾ? ಹಂಗಾದ್ರ ಪೂರಾ ಒಂದು ತಗೋ" ಅಂದು ಅವನ ಕೈ ಸರಿಸಿ ಬಡಿಸಿದೆ.